ತಡೆದ ಚೆಂಡಿಗೆ ಲೆಕ್ಕ ಇಟ್ಟವರು ಯಾರು?

ಪ್ರಶ್ನೆ: ನಮ್ಮದು ಹಾಕಿ ಹುಚ್ಚಿನ ಮನೆ. ಕೊಡವ ಹಾಕಿ ಹಬ್ಬದಲ್ಲಿ ನಮ್ಮ ಒಕ್ಕದ, ಅಂದರೆ ಮನೆತನದ, ತಂಡ ಆಡುವ ದಿನ ಮನೆಯಲ್ಲಿ ಒಲೆ ಹಚ್ಚುವವರೂ ಇರುವುದಿಲ್ಲ. ಭಾರತದ ಅತಿ ಶ್ರೇಷ್ಠ ಹಾಕಿ ಆಟಗಾರ ಯಾರು ಎಂಬ ವಾದ ಊಟಕ್ಕೆ ಕುಳಿತಾಗಲೆಲ್ಲ ಎದ್ದುಬರುತ್ತದೆ. ಅಜ್ಜನಿಗೆ ಧ್ಯಾನ್ ಚಂದ್ ಬಿಟ್ಟರೆ ಇನ್ನೊಬ್ಬನಿಲ್ಲ. ಅಪ್ಪ ಧನರಾಜ್ ಪಿಳ್ಳೈ ಎನ್ನುತ್ತಾರೆ. ಎರಡು ಒಲಿಂಪಿಕ್ ಪದಕ ತಂದುಕೊಟ್ಟ ಶ್ರೀಜೇಶ್ ಮತ್ತು ಹರ್ಮನ್‌ಪ್ರೀತ್ ಅವರನ್ನು ಬದಿಗಿಡಲು ನನಗೆ ಮನಸ್ಸಿಲ್ಲ. ಕೈಚಳಕ, ರಕ್ಷಣೆ, ಉಳಿಸಿಹೋದ ಹೆಸರು ಈ ಮೂರನ್ನೂ ತೂಗಿ ನೋಡುವುದು ಹೇಗೆ? ಶಾಲಾ ತಂಡದ ನಡು ಸಾಲಿನ ಬಲಬದಿಯಲ್ಲಿ ರೈಟ್ ಹಾಫ್ ಆಡುವ ನನ್ನ ತಂಗಿ ಯಾರ ಆಟ ನೋಡಿ ಕಲಿಯಬೇಕು?
– ಓದುಗರೊಬ್ಬರು, ಗೋಣಿಕೊಪ್ಪಲು

ಉತ್ತರ: ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಕಾಲೇಜು ಮತ್ತು ಕ್ಲಬ್ ತಂಡಗಳಲ್ಲಿ ಆಡಿದ ಅಷ್ಟೂ ವರ್ಷ ಹಾಫ್ ಆಗಿಯೇ ಆಡಿದವನು, ಆಮೇಲೆ ಮಕ್ಕಳಿಗೆ ಕಲಿಸಿದವನು. ಹಿಂದೆ ನಿಂತು ಆಡುವವರ ಕಡೆಗೆ ನನ್ನ ಒಲವು ಇದ್ದೇ ಇದೆ. ಅದನ್ನು ತಿಳಿದುಕೊಂಡು ಮುಂದಿನದನ್ನು ಓದಿ.

ನಿಮ್ಮ ಮನೆಯ ಮೂವರೂ ಹಾಕಿ ಎನ್ನುವಾಗ ಮೂರು ಬೇರೆ ಆಟಗಳನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೀರಿ. ಅಜ್ಜನ ಹಾಕಿ ಹುಲ್ಲಿನ ಮೇಲಿನದು. ಹಿಂದೆ ರಕ್ಷಣೆಗೆ ಇಬ್ಬರು ಫುಲ್ ಬ್ಯಾಕ್, ನಡುವೆ ಮೂವರು ಹಾಫ್, ಮುಂದೆ ದಾಳಿಗೆ ಐವರು ಫಾರ್ವರ್ಡ್. ಚೆಂಡು ಎಲ್ಲಿ ಪುಟಿಯುತ್ತದೋ ಹೇಳಲಾಗದು. ಆಫ್‌ಸೈಡ್ ನಿಯಮ ಬಿಗಿಯಾಗಿತ್ತು, ಗೋಲಿನ ಬಾಯಲ್ಲಿ ಸುಮ್ಮನೆ ಕಾದು ನಿಲ್ಲುವಂತಿರಲಿಲ್ಲ. ಆರಂಭಿಸಿದವನೇ ಎಪ್ಪತ್ತು ನಿಮಿಷವೂ ಆಡಬೇಕು. ಅಪ್ಪನ ಹಾಕಿ ನೀರು ಹಾಯಿಸಿದ ಕೃತಕ ಹಾಸಿನ ಮೇಲಿನದು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಈ ಹಾಸು ಮೊದಲ ಬಾರಿ ಬಂತು, ಹಿಂದಿನ ವರ್ಷವಷ್ಟೇ ವಿಶ್ವಕಪ್ ಗೆದ್ದಿದ್ದ ಭಾರತ ಅಲ್ಲಿ ಏಳನೆಯ ಸ್ಥಾನಕ್ಕೆ ಜಾರಿತು. ಧನರಾಜ್ ಅವರ ಆಟದ ನಡುವಿನಲ್ಲೇ, 1990ರ ದಶಕದಲ್ಲಿ, ಆಫ್‌ಸೈಡ್ ನಿಯಮವೂ ಹೊರಟುಹೋಯಿತು. ನಿಮ್ಮ ಹಾಕಿಯಲ್ಲಿ ಹದಿನೈದು ನಿಮಿಷಗಳ ನಾಲ್ಕು ಭಾಗಗಳಿವೆ, ಬದಲಿ ಆಟಗಾರರು ಎಷ್ಟು ಸಲ ಬೇಕಾದರೂ ಒಳಗೆ ಬರಬಹುದು, ಹೊರಗೆ ಹೋಗಬಹುದು. ಈಗಿನ ಫಾರ್ವರ್ಡ್ ಕೆಲವು ನಿಮಿಷ ಪ್ರಾಣ ಬಿಟ್ಟು ಓಡಿ ಬಂದು ಬೆಂಚಿನಲ್ಲಿ ಕೂರುತ್ತಾನೆ. ಧ್ಯಾನ್ ಚಂದ್ ಅವರಿಗೆ ಆ ಸೌಕರ್ಯ ಇರಲಿಲ್ಲ. ಹಾಗೆಯೇ ಅವರ ಎದುರಿಗೆ ಓಟದ ವೇಗವನ್ನೇ ಕಸುಬಾಗಿಸಿಕೊಂಡ ರಕ್ಷಕರ ದಂಡೂ ಇರಲಿಲ್ಲ.

ಆದ್ದರಿಂದ ಗೋಲಿನ ಸಂಖ್ಯೆ ಹಿಡಿದು ವಾದಕ್ಕೆ ಇಳಿದರೆ ಮೊದಲ ಹೆಜ್ಜೆಯಲ್ಲೇ ಎಡವುತ್ತೇವೆ. ಅಂತರರಾಷ್ಟ್ರೀಯ ಹಾಕಿಯಲ್ಲಿ 348 ಗೋಲು ಹೊಡೆದು ದಾಖಲೆ ಬರೆದವರು ಪಾಕಿಸ್ತಾನದ ಸೊಹೈಲ್ ಅಬ್ಬಾಸ್. ಅವರು ಫಾರ್ವರ್ಡ್ ಅಲ್ಲ, ಫುಲ್ ಬ್ಯಾಕ್. ಆ ರಾಶಿಯ ಬಹುಭಾಗ ಎದುರಾಳಿಯ ತಪ್ಪಿಗೆ ಸಿಗುವ ಪೆನಾಲ್ಟಿ ಕಾರ್ನರ್‌ನಲ್ಲಿ, ಚೆಂಡನ್ನು ಕೋಲಿನಿಂದ ಎಳೆದು ಗೋಲಿಗೆ ಚಿಮ್ಮಿಸುವ ಡ್ರ್ಯಾಗ್ ಫ್ಲಿಕ್ ಮಾಡಿ ಬಂದದ್ದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಹತ್ತು ಗೋಲು ಹೊಡೆದು ಎಲ್ಲರಿಗಿಂತ ಮುಂದಿದ್ದ ನಿಮ್ಮ ಹರ್ಮನ್‌ಪ್ರೀತ್ ಕೂಡ ರಕ್ಷಕನೇ. ಇದು ದೊಡ್ಡ ವಿದ್ಯೆ, ಸಂಶಯವಿಲ್ಲ. ಆದರೆ ಐದು ಜನರ ನಡುವೆ ಚೆಂಡನ್ನು ಕೋಲಿಗೆ ಅಂಟಿಸಿಕೊಂಡು ನುಗ್ಗುವ ವಿದ್ಯೆಯೇ ಬೇರೆ. ಎರಡನ್ನೂ ಗೋಲು ಎಂಬ ಒಂದೇ ಸೇರಿನಲ್ಲಿ ಅಳೆಯಲಾಗದು.

ಕೈಚಳಕದ ವಿಷಯಕ್ಕೆ ಬಂದರೆ ನನ್ನ ಅಭಿಪ್ರಾಯ ನಿಮ್ಮ ಮೂವರಿಗೂ ಒಪ್ಪಿಗೆಯಾಗಲಿಕ್ಕಿಲ್ಲ. ಚಲನಚಿತ್ರದ ತುಣುಕುಗಳಲ್ಲಿ, ದೂರದರ್ಶನದಲ್ಲಿ, ಮೈದಾನದಲ್ಲಿ ನೋಡಿದವರನ್ನಷ್ಟೇ ಹೋಲಿಸಿ ಹೇಳುವುದಾದರೆ ವಾರಾಣಸಿಯ ಮೊಹಮ್ಮದ್ ಶಾಹಿದ್ ಅವರಂಥ ಮಣಿಕಟ್ಟು ಭಾರತದಲ್ಲಿ ಇನ್ನೊಂದಿಲ್ಲ. 1980ರಲ್ಲಿ ಮಾಸ್ಕೋದಲ್ಲಿ ಚಿನ್ನ ಗೆದ್ದಾಗ ಅವರಿಗೆ ಇಪ್ಪತ್ತರ ಹರೆಯ. ಚೆಂಡನ್ನು ಎಡಕ್ಕೂ ಬಲಕ್ಕೂ ಎಳೆದಾಡುತ್ತ ಎದುರಾಳಿಯ ಪಾದ ನೆಲದಿಂದ ಮೇಲೇಳುವ ಗಳಿಗೆಗೆ ಕಾಯುತ್ತಿದ್ದರು. ಪಾದ ಎದ್ದಿತೋ, ಅವರು ಆಚೆಗೆ ಹೋಗಿಯಾಗಿರುತ್ತಿತ್ತು. ಧನರಾಜ್ ಅವರ ಬಲ ಇನ್ನೊಂದು ಬಗೆಯದು. ಪೂರ್ಣ ವೇಗದ ಓಟದಲ್ಲಿಯೂ ಚೆಂಡು ಅವರ ಕೋಲು ಬಿಡುತ್ತಿರಲಿಲ್ಲ. ಹೊಸ ಹಾಸಿಗೆ ಬೇಕಾದದ್ದು ಅದೇ. ಶಾಹಿದ್ ನಿಂತಲ್ಲೇ ಬೆರಗು ಹುಟ್ಟಿಸಿದರೆ ಧನರಾಜ್ ಓಡುತ್ತ ಹುಟ್ಟಿಸಿದರು. ಧ್ಯಾನ್ ಚಂದ್ ಅವರ ಡ್ರಿಬ್ಲಿಂಗ್ ಬಗ್ಗೆ ನಾವು ಓದಿ, ಕೇಳಿ ತಿಳಿದದ್ದೇ ಹೆಚ್ಚು. ಕೋಲಿಗೆ ಅಂಟು ಬಳಿದಿದ್ದರಂತೆ, ಒಳಗೆ ಅಯಸ್ಕಾಂತ ಇತ್ತಂತೆ ಎಂಬ ಕತೆಗಳನ್ನು ಬದಿಗಿಡಿ, ಅವರಿಗೆ ಅದರ ಅಗತ್ಯವೇ ಇಲ್ಲ. 1928ರ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಐದು ಪಂದ್ಯಗಳಲ್ಲಿ ಭಾರತ ಹೊಡೆದದ್ದು 29 ಗೋಲು, ಅದರಲ್ಲಿ 14 ಅವರದು.

ಈಗ ನಿಮ್ಮ ಮನೆಯ ವಾದದಲ್ಲಿ ಯಾರೂ ಎತ್ತದ ಮಾತಿಗೆ ಬರುತ್ತೇನೆ. ಆ 29 ಗೋಲುಗಳಿಗೆ ಉತ್ತರವಾಗಿ ಭಾರತದ ಗೋಲಿನೊಳಗೆ ಬಿದ್ದದ್ದು ಎಷ್ಟು? ಒಂದೂ ಇಲ್ಲ. ಅಲ್ಲಿ ನಿಂತಿದ್ದವರು ರಿಚರ್ಡ್ ಅಲೆನ್. 1928, 1932, 1936ರ ಮೂರೂ ಚಿನ್ನದಲ್ಲಿ ಅವರ ಪಾಲಿದೆ. ಮೂರು ಒಲಿಂಪಿಕ್ಸ್ ಸೇರಿ ಅವರನ್ನು ದಾಟಿ ಹೋದ ಗೋಲುಗಳು ಎರಡೇ ಎರಡು. ಧ್ಯಾನ್ ಚಂದ್ ಹೆಸರಿನಲ್ಲಿ ಕ್ರೀಡಾಂಗಣಗಳಿವೆ, ದೇಶದ ಅತ್ಯುನ್ನತ ಕ್ರೀಡಾ ಪ್ರಶಸ್ತಿಯಿದೆ, ಅವರು ಹುಟ್ಟಿದ ಆಗಸ್ಟ್ 29 ರಾಷ್ಟ್ರೀಯ ಕ್ರೀಡಾ ದಿನ. ಅಲೆನ್ ಹೆಸರು ಕೇಳಿದವರು ನಿಮ್ಮ ಬೀದಿಯಲ್ಲಿ ಎಷ್ಟು ಮಂದಿ ಇದ್ದಾರೆ? ಗೋಲನ್ನು ಬರೆದಿಟ್ಟುಕೊಳ್ಳಲು ಪುಸ್ತಕವಿತ್ತು. ಆಗದೇ ಹೋದ ಗೋಲನ್ನು ಬರೆದಿಡಲು ಯಾರೂ ಪುಸ್ತಕ ತೆರೆಯಲಿಲ್ಲ. ಇದು ನನ್ನನ್ನು ಬಹಳ ವರ್ಷಗಳಿಂದ ಕಾಡುತ್ತಿರುವ ನೋವು.

ಅಪ್ಪನ ನಾಯಕನ ಬದುಕನ್ನೇ ತೆಗೆದುಕೊಳ್ಳಿ. ಧನರಾಜ್ ಅವರು 339 ಪಂದ್ಯ ಆಡಿದರು. ನಾಲ್ಕು ಒಲಿಂಪಿಕ್ಸ್, ನಾಲ್ಕು ವಿಶ್ವಕಪ್, ನಾಲ್ಕು ಏಷ್ಯನ್ ಕ್ರೀಡಾಕೂಟ ಆಡಿದವರು. ಆದರೂ ಒಲಿಂಪಿಕ್ ಪದಕ ಇಲ್ಲ. 2000ದ ಸಿಡ್ನಿಯಲ್ಲಿ ಪೋಲೆಂಡ್ ವಿರುದ್ಧ ಗೆದ್ದಿದ್ದರೆ ಭಾರತ ಸೆಮಿಫೈನಲ್ ಸೇರುತ್ತಿತ್ತು. ಒಂದು ಗೋಲಿನ ಮುನ್ನಡೆಯೂ ಇತ್ತು. ಕೊನೆಯ ನಿಮಿಷಗಳಲ್ಲಿ ಪೋಲೆಂಡ್ ಸಮ ಮಾಡಿತು, ಭಾರತ ಏಳನೆಯ ಸ್ಥಾನದಲ್ಲಿ ನಿಂತಿತು. ಅದಕ್ಕೆ ಎರಡು ವರ್ಷ ಮುಂಚೆ ಬ್ಯಾಂಕಾಕ್‌ನಲ್ಲಿ ಏಷ್ಯನ್ ಕ್ರೀಡಾಕೂಟದ ಫೈನಲ್. ಎದುರಾಳಿ ದಕ್ಷಿಣ ಕೊರಿಯಾ, ನಾಯಕ ಧನರಾಜ್. ಪಂದ್ಯ 1–1ರಲ್ಲಿ ನಿಂತು ಟೈಬ್ರೇಕರ್‌ಗೆ ಹೋಯಿತು. ಗೋಲಿನಲ್ಲಿದ್ದ ನಮ್ಮ ಆಶೀಶ್ ಬಲ್ಲಾಳ್ ಬಂಡೆಯಂತೆ ನಿಂತರು, 32 ವರ್ಷಗಳ ನಂತರ ಆ ಚಿನ್ನ ಭಾರತಕ್ಕೆ ಬಂತು. ಎರಡೂ ಪಂದ್ಯಗಳಲ್ಲಿ ಧನರಾಜ್ ಅದೇ ಧನರಾಜ್. ಒಂದರಲ್ಲಿ ಹಿಂದಿನವರು ಹಿಡಿದುಕೊಂಡರು, ಇನ್ನೊಂದರಲ್ಲಿ ಕೈಜಾರಿತು. ಫಾರ್ವರ್ಡ್ ಒಬ್ಬನ ಹೆಸರು ಎಷ್ಟು ಎತ್ತರಕ್ಕೆ ಏರುತ್ತದೆ ಎಂಬುದನ್ನು ಅವನ ಬೆನ್ನ ಹಿಂದೆ ಇಪ್ಪತ್ತು ಗಜ ದೂರದಲ್ಲಿ ನಿಂತವರು ನಿರ್ಧರಿಸುತ್ತಾರೆ. ಧ್ಯಾನ್ ಚಂದ್ ಅವರಿಗೆ ಅಲೆನ್ ಇದ್ದರು. ಧನರಾಜ್ ಅವರಿಗೆ ಎಲ್ಲ ದಿನವೂ ಅಂಥವರು ಸಿಗಲಿಲ್ಲ. ಪದಕ ಎಣಿಸಿ ಧನರಾಜ್ ಅವರನ್ನು ಕೆಳಗಿಡುವುದು ಅನ್ಯಾಯ ಎಂದು ನಿಮ್ಮ ಅಪ್ಪ ವಾದಿಸಿದರೆ ನಾನು ಅವರ ಪಕ್ಕದಲ್ಲೇ ಕೂರುತ್ತೇನೆ.

ರಕ್ಷಣೆ ಎಂದರೆ ಅಡ್ಡ ನಿಲ್ಲುವುದು, ಕೈಚಳಕ ಎಂದರೆ ದಾಟುವುದು ಎಂದು ಜನ ಎರಡು ಪಂಗಡ ಮಾಡುತ್ತಾರೆ. ಹಾಕಿಯಲ್ಲಿ ಇದು ತಪ್ಪು, ಏಕೆಂದರೆ ಈ ಆಟದ ಕೋಲೇ ಒರಟು ರಕ್ಷಣೆಗೆ ಒಗ್ಗುವುದಿಲ್ಲ. ಕೋಲಿನ ಉಬ್ಬಿದ ಹಿಂಬದಿಯಿಂದ ಚೆಂಡು ಮುಟ್ಟುವಂತಿಲ್ಲ. ಎಡಗೈಯವರಿಗೆಂದು ಬೇರೆ ಕೋಲು ಇಲ್ಲ, ಎಲ್ಲರಿಗೂ ಬಲಗೈ ಕೋಲೇ. ಹೀಗಾಗಿ ಪ್ರತಿ ರಕ್ಷಕನಿಗೂ ಬಲಗಡೆ ಗಟ್ಟಿ, ಎಡಗಡೆ ಸಡಿಲ. ಎಡಕ್ಕೆ ಹೋದ ಚೆಂಡನ್ನು ಹಿಡಿಯಲು ಕೋಲನ್ನು ತಿರುಗಿಸಿ ರಿವರ್ಸ್ ಹಾಕಬೇಕು, ಅಷ್ಟರಲ್ಲಿ ಅರ್ಧ ಹೆಜ್ಜೆ ತಡವಾಗಿರುತ್ತದೆ. ಒಳ್ಳೆಯ ಫಾರ್ವರ್ಡ್ ಆ ಎಡ ಹೆಗಲಿಗೇ ಗುರಿ ಇಡುತ್ತಾನೆ. ಒಳ್ಳೆಯ ರಕ್ಷಕ ಕೋಲು ಬೀಸುವ ಮುಂಚೆಯೇ ಗೆದ್ದಿರುತ್ತಾನೆ. ಎಡ ಹೆಗಲಿನ ದಾರಿಯನ್ನು ಪಾದಗಳಿಂದ ಮುಚ್ಚಿ, ಎದುರಾಳಿ ತನ್ನ ಬಲಗಡೆಗೆ ಬರಲೇಬೇಕಾದಂತೆ ಮಾಡಿ, ಅಲ್ಲಿಂದ ಗೆರೆಯ ಕಡೆಗೆ ಅಟ್ಟಿಕೊಂಡು ಹೋಗುತ್ತಾನೆ. ನೋಡುವವರಿಗೆ ಏನೂ ಆಗಲಿಲ್ಲ ಎನಿಸುತ್ತದೆ, ಫಾರ್ವರ್ಡ್ ಸುಮ್ಮನೆ ಚೆಂಡನ್ನು ಹೊರಗೆ ಬಿಟ್ಟ ಎನಿಸುತ್ತದೆ. ಆ ಏನೂ ಆಗದಿರುವಿಕೆಯೇ ಆತನ ಕಲೆ.

ಪೆನಾಲ್ಟಿ ಕಾರ್ನರ್ ರಕ್ಷಣೆಯಲ್ಲಿ ಮೊದಲು ಓಡಿ ಬರುವವನನ್ನು ನೋಡಿ. ಗೋಲು ಗೆರೆಯಿಂದ ಹೊರಟು ಡ್ರ್ಯಾಗ್ ಫ್ಲಿಕ್ ಮಾಡುವವನ ಕೋಲಿನ ಕಡೆಗೇ ನೇರವಾಗಿ ಓಡಬೇಕು. ಚೆಂಡು ಗಂಟೆಗೆ ನೂರು ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಎದುರು ಬರುತ್ತದೆ. ಮುಖವಾಡ, ಮೊಣಕಾಲಿನ ಕವಚ ಇದ್ದರೂ ಪೆಟ್ಟು ಪೆಟ್ಟೇ. ಭಾರತಕ್ಕೆ ಆ ಕೆಲಸ ಮಾಡಿದವರು ಅಮಿತ್ ರೋಹಿದಾಸ್. ಗೋಲು ಹೊಡೆದವರ ಪಟ್ಟಿಯಲ್ಲಿ ಹುಡುಕಿದರೆ ಅವರ ಬೆಲೆ ಎಂದಿಗೂ ಕಾಣುವುದಿಲ್ಲ.

ಗೋಲ್ ಕೀಪರ್‌ಗಳ ಹೋಲಿಕೆಯಲ್ಲಿ ನಿಮ್ಮ ಶ್ರೀಜೇಶ್ ಪಕ್ಕದಲ್ಲಿ ಇಡಬೇಕಾದವರು ಮಹೂವಿನ ಶಂಕರ್ ಲಕ್ಷ್ಮಣ್. 1956ರ ಮೆಲ್ಬರ್ನ್‌ನಲ್ಲಿ ಭಾರತ ಇಡೀ ಕೂಟದಲ್ಲಿ ಒಂದೂ ಗೋಲು ಬಿಟ್ಟುಕೊಡದೆ ಚಿನ್ನ ಗೆದ್ದಿತು. ಪಾಕಿಸ್ತಾನದ ವಿರುದ್ಧದ ಫೈನಲ್ 1–0, ಆ ಒಂದು ಗೋಲು ಹೊಡೆದವರೂ ಫುಲ್ ಬ್ಯಾಕ್ ರಣಧೀರ್ ಸಿಂಗ್ ಜೆಂಟಲ್. 1964ರ ಟೋಕಿಯೋದಲ್ಲಿ ಅದೇ ಪಾಕಿಸ್ತಾನ, ಅದೇ 1–0. ಲಕ್ಷ್ಮಣ್ ಮುಖಕ್ಕೆ ಕವಚವಿಲ್ಲದೆ ಆಡಿದ ಕಾಲದವರು. ಶ್ರೀಜೇಶ್ ಅವರಿಗೆ ದಪ್ಪ ಫೋಮ್ ಕವಚ, ಹೆಲ್ಮೆಟ್ ಎಲ್ಲವೂ ಇತ್ತು, ಎದುರಿಸಬೇಕಾದ ಹೊಡೆತಗಳೂ ಹಾಗೆಯೇ ಇದ್ದವು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನ ಕಂಚಿನ ಪಂದ್ಯದಲ್ಲಿ ಜರ್ಮನಿಯ ವಿರುದ್ಧ 5–4ರಲ್ಲಿ ಮುಂದಿದ್ದಾಗ ಕೊನೆಯ ಸೆಕೆಂಡುಗಳಲ್ಲಿ ಪೆನಾಲ್ಟಿ ಕಾರ್ನರ್ ಬಂತು. ಅದನ್ನು ತಡೆದು ಅವರು 41 ವರ್ಷಗಳ ಬರ ಮುಗಿಸಿದರು. ಅದೇ ಒಲಿಂಪಿಕ್ಸ್‌ನ ಮಹಿಳೆಯರ ಕ್ವಾರ್ಟರ್ ಫೈನಲ್ ಕೂಡ ನಿಮ್ಮ ತಂಗಿಗೆ ತೋರಿಸಿ. ಗುರ್ಜೀತ್ ಕೌರ್ 22ನೆಯ ನಿಮಿಷದಲ್ಲಿ ಹೊಡೆದ ಒಂದು ಗೋಲನ್ನು ಕಾಪಾಡಿಕೊಂಡು ಸವಿತಾ ಪೂನಿಯಾ ಮತ್ತು ಅವರ ಮುಂದಿದ್ದವರು ಆಸ್ಟ್ರೇಲಿಯಾವನ್ನು ಕೊನೆಯವರೆಗೂ ತಡೆದರು. ಪದಕ ಬರಲಿಲ್ಲ. ಆದರೂ ನಾನು ನೋಡಿದ ರಕ್ಷಣೆಗಳಲ್ಲಿ ಅದಕ್ಕಿಂತ ದಿಟ್ಟವಾದದ್ದು ಕಡಿಮೆ.

ಆದರೆ ಕೈಚಳಕವೂ ರಕ್ಷಣೆಯೂ ಒಬ್ಬನಲ್ಲೇ ಸೇರಿರುವುದನ್ನು ನೋಡಬೇಕೆಂದರೆ ಹಾಫ್ ಸಾಲಿಗೇ ಬರಬೇಕು. ಎದುರಾಳಿಯ ದಾಳಿ ಒಡೆಯುವವನೂ ಅವನೇ, ನಮ್ಮ ದಾಳಿ ಕಟ್ಟುವವನೂ ಅವನೇ. ಲೆಸ್ಲೀ ಕ್ಲಾಡಿಯಸ್ ರೈಟ್ ಹಾಫ್. 1948, 1952, 1956ರಲ್ಲಿ ಚಿನ್ನ, 1960ರಲ್ಲಿ ಬೆಳ್ಳಿ. ಇಷ್ಟು ಒಲಿಂಪಿಕ್ ಪದಕ ಗೆದ್ದ ಹಾಕಿ ಆಟಗಾರರು ಕೈಬೆರಳಲ್ಲಿ ಎಣಿಸುವಷ್ಟು. ಸೆಂಟರ್ ಹಾಫ್ ಅಜಿತ್ ಪಾಲ್ ಸಿಂಗ್ 1975ರಲ್ಲಿ ಕ್ವಾಲಾಲಂಪುರದಲ್ಲಿ ವಿಶ್ವಕಪ್ ಗೆದ್ದ ತಂಡದ ನಾಯಕ. ಆ ಫೈನಲ್ ಎಂದರೆ ಎಲ್ಲರೂ ನೆನೆಯುವುದು ಅಶೋಕ್ ಕುಮಾರ್ ಹೊಡೆದ ಗೆಲುವಿನ ಗೋಲನ್ನು. ಪಾಕಿಸ್ತಾನದ ಫಾರ್ವರ್ಡ್ ಸಾಲು ಒಂದೇ ಗೋಲಿಗೆ ತೃಪ್ತಿಪಟ್ಟುಕೊಳ್ಳಬೇಕಾಗಿ ಬಂದದ್ದು ಏಕೆ ಎಂದು ಕೇಳುವವರು ಕಡಿಮೆ. ನಿಮ್ಮ ಕೊಡಗಿನ ಬಿ.ಪಿ. ಗೋವಿಂದ ಆ ತಂಡದಲ್ಲಿದ್ದರು. ಅದಕ್ಕೆ ಎರಡು ವರ್ಷ ಮುಂಚೆ ಆಮ್‌ಸ್ಟಲ್‌ವೇನ್‌ನಲ್ಲಿ ಎಂ.ಪಿ. ಗಣೇಶ್ ನಾಯಕತ್ವದ ತಂಡ ನೆದರ್ಲೆಂಡ್ಸ್ ಎದುರು 2–2ರ ಸಮಬಲದ ನಂತರ ಪೆನಾಲ್ಟಿ ಸ್ಟ್ರೋಕ್‌ಗಳಲ್ಲಿ ಸೋತು ಬೆಳ್ಳಿಗೆ ನಿಂತಿತು. ಕೆಲವೇ ಸ್ಟ್ರೋಕ್‌ಗಳು ಬೇರೆ ರೀತಿ ಹೋಗಿದ್ದರೆ ವಿಶ್ವಕಪ್ ಎತ್ತಿದ ಭಾರತದ ಮೊದಲ ನಾಯಕ ಕೊಡಗಿನವರಾಗಿರುತ್ತಿದ್ದರು. ಇದನ್ನು ನಿಮ್ಮ ಅಜ್ಜ ಖಂಡಿತ ಹೇಳಿರುತ್ತಾರೆ.

ನಿಮ್ಮ ಪಟ್ಟಿಯಲ್ಲಿ ಎಂ.ಎಂ. ಸೋಮಯ್ಯ ಅವರ ಹೆಸರು ಇಲ್ಲದ್ದು ಕಂಡು, ಅದೂ ಕೊಡಗಿನ ಮನೆಯಿಂದ ಬಂದ ಪತ್ರದಲ್ಲಿ, ನನಗೆ ನಿಜವಾಗಿ ಬೇಸರವಾಯಿತು. ಮಾಸ್ಕೋದ ಚಿನ್ನದ ತಂಡದಲ್ಲಿದ್ದವರು, 1984ರಲ್ಲಿ ಆಡಿದವರು, 1988ರ ಸೋಲ್‌ನಲ್ಲಿ ನಾಯಕರು. ಚೆಂಡು ಬರುವ ಜಾಗಕ್ಕೆ ಅವರು ಓಡಿ ಹೋದದ್ದನ್ನು ನಾನು ಕಂಡದ್ದು ಅಪರೂಪ, ಏಕೆಂದರೆ ಅವರು ಮೊದಲೇ ಅಲ್ಲಿ ಇರುತ್ತಿದ್ದರು. ಟ್ಯಾಕಲ್ ಮಾಡಿ ಚೆಂಡು ಕಸಿದುಕೊಂಡ ಕೋಲಿನಿಂದಲೇ, ಇನ್ನೊಂದು ಸ್ಪರ್ಶವಿಲ್ಲದೆ, ಪಾಸ್ ಹೊರಟಿರುತ್ತಿತ್ತು. ಮಾಸ್ಕೋಕ್ಕೆ ಹಲವು ಬಲಿಷ್ಠ ತಂಡಗಳು ಬರಲಿಲ್ಲ, ಆ ಚಿನ್ನದ ತೂಕ ಕಡಿಮೆ ಎಂದು ಕೆಲವರು ಹೇಳುತ್ತಾರೆ. ಹಾಗೆ ತೂಗುವುದಾದರೆ ಎಲ್ಲರನ್ನೂ ಅದೇ ತಕ್ಕಡಿಯಲ್ಲಿ ತೂಗಬೇಕು. 1932ರ ಲಾಸ್ ಏಂಜಲೀಸ್‌ನಲ್ಲಿ ಹಾಕಿ ಆಡಿದ್ದು ಮೂರೇ ತಂಡ. ಅಮೆರಿಕವನ್ನು 24–1ರಿಂದ ಸೋಲಿಸಿದ ಆ ಪಂದ್ಯದಲ್ಲಿ ರೂಪ್ ಸಿಂಗ್ ಹತ್ತು, ಧ್ಯಾನ್ ಚಂದ್ ಎಂಟು ಗೋಲು ಹೊಡೆದರು. ಆ ಅಂಕಿಯನ್ನು ಅಷ್ಟು ಸಂಭ್ರಮದಿಂದ ಹೇಳುವವರು ಮಾಸ್ಕೋದ ಹುಡುಗರ ಚಿನ್ನವನ್ನು ಮಾತ್ರ ಉಜ್ಜಿ ನೋಡುವುದು ಸರಿಯಲ್ಲ.

ಇನ್ನು ಉಳಿಸಿಹೋದ ಹೆಸರಿನ ಮಾತು. ಇಲ್ಲಿ ನಿಮ್ಮ ಅಜ್ಜನೇ ಗೆಲ್ಲುತ್ತಾರೆ. ಧ್ಯಾನ್ ಚಂದ್ ಅವರ ದೊಡ್ಡಸ್ತಿಕೆಯನ್ನು 1932ರಲ್ಲಿ ಹುಡುಕಬೇಡಿ, 1936ರ ಬರ್ಲಿನ್‌ನಲ್ಲಿ ಹುಡುಕಿ. ಒಲಿಂಪಿಕ್ಸ್‌ಗೆ ಮುಂಚಿನ ಅಭ್ಯಾಸ ಪಂದ್ಯದಲ್ಲಿ ಜರ್ಮನಿ ಭಾರತವನ್ನು 4–1ರಿಂದ ಸೋಲಿಸಿತ್ತು. ಬೆದರಿದ ತಂಡಕ್ಕೆ ಭಾರತದಿಂದ ಫಾರ್ವರ್ಡ್ ದಾರಾ ಅವರನ್ನು ಕರೆಸಬೇಕಾಯಿತು. ಮೂವತ್ತೊಂದನೆಯ ವಯಸ್ಸಿನ ಹೊಸ್ತಿಲಲ್ಲಿದ್ದ ನಾಯಕ ಆ ತಂಡವನ್ನು ಮತ್ತೆ ಕಟ್ಟಿ, ಆಗಸ್ಟ್ 15ರಂದು ನಡೆದ ಫೈನಲ್‌ನಲ್ಲಿ ಅದೇ ಜರ್ಮನಿಯನ್ನು 8–1ರಿಂದ ಸೋಲಿಸಿದರು. ಪರತಂತ್ರ ದೇಶವೊಂದರ ಆಟಗಾರರು ಜಗತ್ತಿಗೆ ಆಟ ಕಲಿಸಿದ ದಿನ ಅದು. ಅದಾದ ಮೇಲೆ ಈ ದೇಶದಲ್ಲಿ ಕೋಲು ಹಿಡಿದ ಪ್ರತಿ ಮಗುವೂ ಆ ದಿನದ ಋಣದಲ್ಲಿದೆ. ಕೌಶಲದಲ್ಲಿ ಅವರಿಗೆ ಸಾಟಿಯಾದವರು ಬಂದಿರಬಹುದು. ಈ ಋಣದ ಲೆಕ್ಕದಲ್ಲಿ ಯಾರೂ ಹತ್ತಿರ ಬರುವುದಿಲ್ಲ.

ಹೆಸರು ಉಳಿಸುವ ದಾರಿ ಪದಕ ಒಂದೇ ಅಲ್ಲ ಎಂಬುದನ್ನು ಮಾತ್ರ ನಿಮ್ಮ ಊರೇ ತೋರಿಸಿಕೊಟ್ಟಿದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡ ಗ್ರಾಮದಲ್ಲಿ ಒಕ್ಕಗಳ ನಡುವೆ ಹಾಕಿ ಹಬ್ಬ ಆರಂಭಿಸಿದರು. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದ ಹಬ್ಬದಲ್ಲಿ 360 ತಂಡಗಳು ಆಡಿದವು. ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಇಳಿಯುವ ಪಂದ್ಯಾವಳಿ ಬೇರೆ ಎಲ್ಲಿದೆ? ನೂರಾರು ಮನೆಗಳಿಗೆ ಕೋಲು ಕೊಟ್ಟವರನ್ನು ಹಾಕಿಯ ದೊಡ್ಡವರ ಸಾಲಿನಿಂದ ಹೊರಗೆ ನಿಲ್ಲಿಸಲು ನನಗೆ ಮನಸ್ಸು ಬಾರದು.

ನೇರ ಉತ್ತರ ಬೇಕೆಂದರೆ ಹೀಗೆ: ಕೈಚಳಕಕ್ಕೆ ಶಾಹಿದ್, ಅವರ ಬೆನ್ನಿಗೇ ಧನರಾಜ್. ಗೋಲು ಕಾಯುವುದರಲ್ಲಿ ಶ್ರೀಜೇಶ್ ಅವರನ್ನು ಲಕ್ಷ್ಮಣ್ ಅವರಿಗಿಂತ ಕೂದಲೆಳೆಯಷ್ಟು ಮೇಲಿಡುತ್ತೇನೆ. ದಶಕಗಳ ಸೋಲುಗಳ ನೆನಪು ಹೊತ್ತ ತಂಡವನ್ನು ಹಿಂದಿನಿಂದ ಎತ್ತಿ ನಿಲ್ಲಿಸಿದ್ದು ಅದಕ್ಕೆ ಕಾರಣ. ಹೆಸರಿಗೆ ಧ್ಯಾನ್ ಚಂದ್. ಮೂರನ್ನೂ ಕೂಡಿಸಿ ಒಬ್ಬರನ್ನೇ ಆರಿಸಿ ಎಂದು ಒತ್ತಾಯಿಸಿದರೆ ನನ್ನ ಬೆರಳು ಕ್ಲಾಡಿಯಸ್ ಕಡೆಗೆ ಹೋಗುತ್ತದೆ. ನಿಮ್ಮ ಮನೆಯಲ್ಲಿ ಇದಕ್ಕೆ ಗದ್ದಲ ಏಳುತ್ತದೆ ಎಂದು ಬಲ್ಲೆ.

ನಿಮ್ಮ ತಂಗಿಗೆ ಒಂದು ಕೆಲಸ ಕೊಡುತ್ತೇನೆ. ಪ್ಯಾರಿಸ್ ಒಲಿಂಪಿಕ್ಸ್‌ನ ಕ್ವಾರ್ಟರ್ ಫೈನಲ್, ಬ್ರಿಟನ್ ವಿರುದ್ಧದ ಪಂದ್ಯವನ್ನು ಹಾಕಿಕೊಟ್ಟು ಧ್ವನಿ ಆರಿಸಿಬಿಡಿ. 17ನೆಯ ನಿಮಿಷದಲ್ಲಿ ರೋಹಿದಾಸ್ ಅವರಿಗೆ ಕೆಂಪು ಕಾರ್ಡ್ ಬರುತ್ತದೆ. ಉಳಿದ 43 ನಿಮಿಷ ಭಾರತಕ್ಕೆ ಹತ್ತೇ ಜನ. ಚೆಂಡನ್ನು ನೋಡಬಾರದು, ಮನ್‌ಪ್ರೀತ್ ಸಿಂಗ್ ಒಬ್ಬರನ್ನೇ ನೋಡಬೇಕು. ನಡು ಮೈದಾನದ ಆಟಗಾರ ಹಿಂದಕ್ಕೆ ಇಳಿದು ಆ ಖಾಲಿ ಜಾಗವನ್ನು ಹೇಗೆ ತುಂಬಿದರು, ಎದುರಾಳಿ ಬರುವಾಗ ಎಡ ಪಾದ ಎಲ್ಲಿತ್ತು, ಎಷ್ಟು ಸಲ ಕೋಲು ಬೀಸದೆಯೇ ಫಾರ್ವರ್ಡ್ ಹಿಂದಿರುಗಿದ ಎಂದು ಒಂದು ನೋಟ್ ಪುಸ್ತಕದಲ್ಲಿ ಗೆರೆ ಎಳೆಯುತ್ತ ಹೋಗಲಿ. ಪಂದ್ಯ 1–1ಕ್ಕೆ ನಿಂತು ಶೂಟೌಟ್‌ನಲ್ಲಿ 4–2ರಿಂದ ಗೆದ್ದ ಕತೆ ಅವಳಿಗೆ ಗೊತ್ತೇ ಇರುತ್ತದೆ, ಅದನ್ನು ಬರೆಯಬೇಕಿಲ್ಲ. ಆ ಪುಟದ ಚಿತ್ರ ತೆಗೆದು ನನಗೆ ಕಳುಹಿಸಲಿ. ಅವಳು ಎಣಿಸಿದ ಗೆರೆಗಳನ್ನು ನನ್ನ ಪುಸ್ತಕದ ಗೆರೆಗಳ ಜೊತೆ ಹೋಲಿಸಿ, ಎಲ್ಲೆಲ್ಲಿ ತಪ್ಪಿದ್ದಾಳೆ, ಎಲ್ಲಿ ನಾನೇ ತಪ್ಪಿದ್ದೇನೆ ಎಂದು ಬರೆದು ತಿಳಿಸುತ್ತೇನೆ.